ಅವಳ ಮೂಗಿನ ಮೇಲೊಂದು ಹಸಿರು ಗೆರೆ

ಅಜ್ಜಿ ಮನೆಯ ನಡುಮನೆ ಗೋಡೆಯಲ್ಲಿ ಒಂದು ಫೋಟೊ ಇತ್ತು. ಅಜ್ಜ ಕುರ್ಚಿಯಲ್ಲಿ ಕೂತಿದ್ದಾನೆ, ಅಜ್ಜಿ ಪಕ್ಕದಲ್ಲಿ ನಿಂತಿದ್ದಾಳೆ. ಮದುವೆಯಾದ ಹೊಸತರಲ್ಲಿ ತೆಗೆಸಿದ್ದು. ತೆಗೆದದ್ದು ಕಪ್ಪು ಬಿಳುಪಿನಲ್ಲಿ. ಆಮೇಲೆ ಸ್ಟುಡಿಯೊದವನು ಕುಂಚ ಹಿಡಿದು ಅದಕ್ಕೆ ಬಣ್ಣ ಹಚ್ಚಿಕೊಟ್ಟಿದ್ದ. ಅಜ್ಜಿಯ ತುಟಿ ಕೆಂಪು, ಕೆನ್ನೆ ಗುಲಾಬಿ, ಸೀರೆ ಗಿಳಿಹಸಿರು. ಒಂದು ಬೇಸಿಗೆ ರಜೆಯಲ್ಲಿ, ಮಾಡಲು ಬೇರೆ ಕೆಲಸವಿಲ್ಲದೆ, ಆ ಸೀರೆ ಈಗ ಎಲ್ಲಿದೆ ಅಂತ ಕೇಳಿದೆ. "ಅದು ಹಸಿರಲ್ಲ ಕಣೋ, ಕೆಂಪು ಸೀರೆ. ಅವನು ಹಸಿರು ಹಚ್ಚಿದ" ಅಂದಳು. ಮತ್ತೆ ನೀನ್ಯಾಕೆ ಸುಮ್ಮನಿದ್ದೆ ಅಂದರೆ, ಫೋಟೊ ಕಡೆ ಒಂದು ಸಲ ಕತ್ತೆತ್ತಿ ನೋಡಿ, "ಅದೇ ಒಪ್ಪುತ್ತೆ ಬಿಡು" ಅಂದಳು.

ಈ ಮಾತು ಮರೆತೇ ಹೋಗಿತ್ತು. ಎಷ್ಟೋ ವರ್ಷದ ಮೇಲೆ ಫ್ರಾನ್ಸಿನ ಚಿತ್ರಕಾರ ಹೆನ್ರಿ ಮಾತೀಸ್ ಬಗ್ಗೆ ಓದುವಾಗ ನೆನಪಾಯಿತು.

1905ರಲ್ಲಿ ಮಾತೀಸ್ ತನ್ನ ಹೆಂಡತಿ ಅಮೆಲಿಯ ಒಂದು ಚಿತ್ರ ಬಿಡಿಸಿದ. ತಲೆ ಮೇಲೆ ಭಾರೀ ಟೋಪಿ, ಕೈಯಲ್ಲಿ ಬೀಸಣಿಗೆ, ಹೆಗಲ ಮೇಲಿಂದ ನಮ್ಮ ಕಡೆ ತಿರುಗಿದ ನೋಟ. ಹಣೆ ಮೇಲೆ ಹಸಿರು, ಕೆನ್ನೆಯಲ್ಲಿ ಹಳದಿ ಮತ್ತು ನೇರಳೆ, ಕುತ್ತಿಗೆ ಕಿತ್ತಳೆಗೆಂಪು. ಚಿತ್ರದ ಹೆಸರು "ಟೋಪಿ ಧರಿಸಿದ ಹೆಂಗಸು". ಅಷ್ಟಕ್ಕೂ ಆಕೆ ಆವತ್ತು ನಿಜವಾಗಿ ಹಾಕಿದ್ದ ಬಟ್ಟೆ ಯಾವ ಬಣ್ಣದ್ದು ಅಂತ ಯಾರೋ ಕೇಳಿದರಂತೆ. "ಕಪ್ಪು, ಇನ್ನೇನು!" ಅಂದನಂತೆ ಮಾತೀಸ್. ಅವನ ಬಗ್ಗೆ ಬರೆಯುವವರೆಲ್ಲ ಈ ಕಥೆ ಹೇಳದೆ ಬಿಡುವುದಿಲ್ಲ. ಓದಿದ ಕೂಡಲೇ ನನಗೆ ಕೆಂಪು ಸೀರೆಗೆ ಹಸಿರು ಹಚ್ಚಿದ ಸ್ಟುಡಿಯೊದವನೂ, ಅದನ್ನು ಒಪ್ಪಿಕೊಂಡ ಅಜ್ಜಿಯೂ ಕಣ್ಣ ಮುಂದೆ ಬಂದರು.

ಸ್ಟುಡಿಯೊದವನೂ ಮಾತೀಸನೂ ಮಾಡಿದ್ದು ಒಂದೇ ಅಂತ ನಾನು ಹೇಳುತ್ತಿಲ್ಲ. ಆದರೆ ಅಜ್ಜಿ ಬಳಸಿದ ಪದ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಒಪ್ಪುತ್ತೆ.

ನಮ್ಮಲ್ಲಿ ಇಂಥ ಚಿತ್ರಕ್ಕೆ ಭಾವಚಿತ್ರ ಅಂತ ಹೆಸರು. ಎಂಥ ಒಳ್ಳೆಯ ಪದ! ಅದನ್ನು ನಾವು ಜಾಸ್ತಿ ಬಳಸುವುದು ಮಾತ್ರ ಅರ್ಜಿ ನಮೂನೆಗಳಲ್ಲಿ. "ಇತ್ತೀಚಿನ ಭಾವಚಿತ್ರ ಅಂಟಿಸಿ." ಆ ಪಾಸ್‌ಪೋರ್ಟ್ ಸೈಜಿನ ಫೋಟೊದಲ್ಲಿ ಭಾವ ಒಂದು ಬಿಟ್ಟು ಬೇರೆಲ್ಲ ಇರುತ್ತದೆ. ನಗಬೇಡಿ, ನೇರ ನೋಡಿ, ಗದ್ದ ಕೆಳಗೆ. ಬಣ್ಣಕ್ಕೂ ಭಾವಕ್ಕೂ ಇರುವ ನಂಟನ್ನು ನಮ್ಮ ಮಾತು ಯಾವಾಗಲೋ ಗುರುತಿಸಿದೆ. ಸಿಟ್ಟಿಗೆ ಮುಖ ಕೆಂಪೇರುತ್ತದೆ. ಅವಮಾನಕ್ಕೆ ಕಪ್ಪಿಡುತ್ತದೆ. ಹೆದರಿದರೆ ಬಿಳಿಚಿಕೊಳ್ಳುತ್ತದೆ. ಆದರೆ ಮುಖ ಹಸಿರಾಯಿತು ಅಂತ ಕನ್ನಡದಲ್ಲಿ ಯಾರೂ ಹೇಳಿದ್ದು ನಾನು ಕೇಳಿಲ್ಲ. ಹಸಿರು ನಮಗೆ ಹೊಲದಲ್ಲಿ, ಬಳೆಯಲ್ಲಿ, ತೋರಣದಲ್ಲಿ ಇರಬೇಕಾದ ಬಣ್ಣ.

ಹಾಗಾಗಿ ಅಮೆಲಿಯ ಇನ್ನೊಂದು ಚಿತ್ರವನ್ನು ಮೊದಲ ಸಲ ನೋಡಿದಾಗ ಸ್ವಲ್ಪ ತಬ್ಬಿಬ್ಬಾದೆ. ಇದೂ ಅದೇ 1905ರದ್ದು. "ಹಸಿರು ಗೆರೆ" ಅಂತಲೇ ಪ್ರಸಿದ್ಧ. ಈಗ ಇರುವುದು ಕೋಪನ್‌ಹೇಗನ್‌ನಲ್ಲಿ, ಡೆನ್ಮಾರ್ಕಿನ ರಾಷ್ಟ್ರೀಯ ಕಲಾ ಸಂಗ್ರಹಾಲಯದಲ್ಲಿ. ಚಿಕ್ಕ ಚಿತ್ರ. ಎತ್ತರ 40 ಸೆಂಟಿಮೀಟರ್‌ಗಿಂತ ಚೂರು ಜಾಸ್ತಿ, ಅಗಲ 32ರ ಸುಮಾರು. ನಮ್ಮ ಅಡುಗೆಮನೆಯ ಕ್ಯಾಲೆಂಡರ್ ಇದಕ್ಕಿಂತ ದೊಡ್ಡದು. ಅದರಲ್ಲಿ ಒಂದು ಹೆಂಗಸಿನ ಮುಖ, ನಟ್ಟ ನಡುವೆ ನೇರ ನಮ್ಮನ್ನೇ ನೋಡುತ್ತಿದೆ. ನೀಲಿಗಪ್ಪು ಕೂದಲು ಎತ್ತಿ ಕಟ್ಟಿದೆ. ಹಣೆಯ ಮೇಲ್ತುದಿಯಿಂದ ಮೂಗಿನ ಗುಂಟ ಒಂದು ದಪ್ಪ ಹಸಿರು ಪಟ್ಟೆ ಇಳಿದು ಬರುತ್ತದೆ. ಗೆರೆಯ ಒಂದು ಬದಿಯ ಕೆನ್ನೆ ಹಳದಿ ಮಣ್ಣಿನ ಬಣ್ಣ, ಇನ್ನೊಂದು ಬದಿ ಗುಲಾಬಿ. ಹಿನ್ನೆಲೆಯಲ್ಲಿ ಬಲಕ್ಕೆ ಪೂರ್ತಿ ಹಸಿರು. ಎಡಕ್ಕೆ ಮೇಲೆ ನೇರಳೆ ಛಾಯೆ, ಕೆಳಗೆ ಕೆಂಡದಂಥ ಕಿತ್ತಳೆ.

ನಾನು ಮೂಲವನ್ನು ನೋಡಿಲ್ಲ. ಪುಸ್ತಕದಲ್ಲಿ, ಪರದೆಯಲ್ಲಿ ನೋಡಿದ್ದು ಅಷ್ಟೇ. ಒಂದು ಪುಸ್ತಕದಲ್ಲಿ ಆ ಹಸಿರು ಪಾಚಿಯಂತಿದೆ, ಇನ್ನೊಂದರಲ್ಲಿ ಹಸಿ ಬಟಾಣಿಯಂತಿದೆ. ಬಣ್ಣದ ಬಗ್ಗೆ ಬರೆಯುವವರಿಗೆ ಇದೊಂದು ದೊಡ್ಡ ಕಷ್ಟ. ಪುಣ್ಯಕ್ಕೆ ಆ ಸಂಗ್ರಹಾಲಯ ತನ್ನ ಚಿತ್ರಗಳ ಒಳ್ಳೆಯ ಪ್ರತಿಗಳನ್ನು ಎಲ್ಲರಿಗೂ ನೋಡಲು ಬಿಟ್ಟಿದೆ. ದೊಡ್ಡದು ಮಾಡಿ ನೋಡಿದರೆ ಕುಂಚದ ಒಂದೊಂದು ಎಳೆತವೂ ಕಾಣುತ್ತದೆ. ಗೆರೆ ಎಳೆದ ಕೈ ಎಲ್ಲೂ ಅನುಮಾನಿಸಿಲ್ಲ.

ಈ ಅಮೆಲಿ ಯಾರು? ದಕ್ಷಿಣ ಫ್ರಾನ್ಸಿನವಳು, 1872ರಲ್ಲಿ ಹುಟ್ಟಿದವಳು. 1898ರ ಜನವರಿಯಲ್ಲಿ ಮಾತೀಸನನ್ನು ಮದುವೆಯಾದಳು. ಅವನಿಗೆ ಆಗಲೇ ಇನ್ನೊಬ್ಬಳಲ್ಲಿ ಹುಟ್ಟಿದ ಮಾರ್ಗರೀತ್ ಎಂಬ ಮಗಳಿದ್ದಳು. ಆ ಮಗುವನ್ನೂ ಅಮೆಲಿ ತನ್ನದೆಂದೇ ಸಾಕಿದಳು. ಗಂಡನ ಚಿತ್ರಗಳು ಮಾರಾಟವಾಗುತ್ತಿರಲಿಲ್ಲ. 1899ರಲ್ಲಿ ಅವಳೇ ಪ್ಯಾರಿಸ್ಸಿನಲ್ಲಿ ಒಂದು ಟೋಪಿ ಅಂಗಡಿ ತೆರೆದಳು. ಹೆಂಗಸರ ಟೋಪಿಗಳನ್ನು ಗರಿ, ರಿಬ್ಬನ್, ಹೂವು ಇಟ್ಟು ಕಟ್ಟಿಕೊಡುವುದು ಅವಳ ಕಸುಬು. "ಟೋಪಿ ಧರಿಸಿದ ಹೆಂಗಸು" ಚಿತ್ರದ ಆ ಟೋಪಿಯನ್ನು ಇದು ಗೊತ್ತಾದ ಮೇಲೆ ಇನ್ನೊಂದು ಸಲ ನೋಡಬೇಕು. ಶೋಕಿಗೆ ಇಟ್ಟುಕೊಂಡದ್ದಲ್ಲ ಅದು, ಮನೆಗೆ ಅನ್ನ ತಂದದ್ದು.

ಅದೇ 1899ರಲ್ಲಿ ಮಾತೀಸನಿಗೆ ಸೆಝಾನ್ ಎಂಬ ಹಿರಿಯ ಫ್ರೆಂಚ್ ಚಿತ್ರಕಾರ ಬಿಡಿಸಿದ "ಮೂವರು ಸ್ನಾನ ಮಾಡುವವರು" ಚಿತ್ರದ ಮೇಲೆ ಮನಸ್ಸಾಯಿತು. ಕೈಯಲ್ಲಿ ಕಾಸಿಲ್ಲ. ಅಮೆಲಿ ತನ್ನ ಪಚ್ಚೆಯ ಉಂಗುರವನ್ನು ಗಿರವಿ ಇಡಲು ಕೊಟ್ಟಳು. ಬಿಡಿಸಿಕೊಳ್ಳಲು ಹೋದಾಗ ಉಂಗುರ ಕೈತಪ್ಪಿ ಹೋಗಿತ್ತು. ಪಚ್ಚೆ ಹೋಯಿತು, ಚಿತ್ರ ಉಳಿಯಿತು. ಮಾತೀಸ್ ಅದನ್ನು 37 ವರ್ಷ ಹತ್ತಿರವೇ ಇಟ್ಟುಕೊಂಡು, 1936ರಲ್ಲಿ ಪ್ಯಾರಿಸ್ ನಗರಕ್ಕೆ ಕೊಟ್ಟ. ಹೆಂಡತಿಯ ಬೆರಳಿನ ಹಸಿರು ಹೋಗಿ ಅವಳ ಮುಖಕ್ಕೆ ಬಂತು ಅಂತ ಬರೆಯುವ ಆಸೆ ಆಗುತ್ತದೆ. ಬೇಡ. ಅಷ್ಟು ಚಂದದ ಮಾತುಗಳು ಸಾಮಾನ್ಯವಾಗಿ ಸುಳ್ಳಾಗಿರುತ್ತವೆ.

ಮಾತೀಸನ ಕಡೆಯೂ ಸ್ವಲ್ಪ ನೋಡೋಣ. ಉತ್ತರ ಫ್ರಾನ್ಸಿನ ಬೊಏನ್ ಎಂಬ ಊರಿನಲ್ಲಿ ಬೆಳೆದವನು. ನೇಕಾರರ ಊರು ಅದು. ಅಪ್ಪನದು ಬೀಜದ ವ್ಯಾಪಾರ. ಹುಡುಗ ಕಾನೂನು ಓದಿ ವಕೀಲರೊಬ್ಬರ ಕಚೇರಿಯಲ್ಲಿ ಗುಮಾಸ್ತನಾದ. ಕಾಯಿಲೆ ಬಿದ್ದು ಹಾಸಿಗೆ ಹಿಡಿದಾಗ ಹೊತ್ತು ಹೋಗಲಿ ಅಂತ ಅಮ್ಮ ಒಂದು ಬಣ್ಣದ ಪೆಟ್ಟಿಗೆ ತಂದುಕೊಟ್ಟಳು. ಅಲ್ಲಿಗೆ ವಕೀಲಿ ಮುಗಿಯಿತು. 1891ರಲ್ಲಿ ಪ್ಯಾರಿಸ್ಸಿಗೆ ಹೋಗಿ ಅಕಾಡೆಮಿ ಜೂಲಿಯನ್ ಎಂಬ ಚಿತ್ರಕಲಾ ಶಾಲೆ ಸೇರಿದ. ನಮ್ಮ ಉಡುಪಿ ಕಡೆಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಎಷ್ಟೋ ದಶಕಗಳ ಮೇಲೆ ಪ್ಯಾರಿಸ್ಸಿಗೆ ಹೋಗಿ ಕಲಿತದ್ದೂ ಅದೇ ಅಕಾಡೆಮಿಯಲ್ಲಿ.

1905ರ ಬೇಸಿಗೆಯಲ್ಲಿ ಮಾತೀಸ್ ಕೊಲ್ಯೂರ್ ಎಂಬ ಮೀನುಗಾರರ ಊರಿಗೆ ಹೋದ. ಸ್ಪೇನಿನ ಗಡಿ ಹತ್ತಿರ, ಕಡಲಿಗೆ ಅಂಟಿಕೊಂಡ ಊರು. ಅವನಿಗಿಂತ ಹತ್ತು ವರ್ಷ ಚಿಕ್ಕವನಾದ ಆಂದ್ರೆ ದೆರಾಂ ಕೂಡ ಬಂದು ಸೇರಿಕೊಂಡ. ಇಬ್ಬರೂ ಬಿಸಿಲಲ್ಲಿ ಕೂತು ಹುಚ್ಚು ಹಿಡಿದವರ ಹಾಗೆ ಬಿಡಿಸಿದರು. ಒಬ್ಬರ ಮುಖವನ್ನು ಇನ್ನೊಬ್ಬರು ಬಿಡಿಸಿದರು. ಆ ಎರಡೂ ಚಿತ್ರಗಳು ಈಗ ಲಂಡನ್ನಿನ ಕಲಾ ಸಂಗ್ರಹಾಲಯ ಟೇಟ್‌ನಲ್ಲಿವೆ. ಅಲ್ಲಿಂದ ದೆರಾಂ ತನ್ನ ಗೆಳೆಯ ವ್ಲಾಮಿಂಕ್‌ಗೆ ಒಂದು ಕಾಗದ ಬರೆದ. ಬೆಳಕಿನ ಬಗ್ಗೆ ಹೊಸದೊಂದು ಹೊಳೆದಿದೆ, ನೆರಳು ಅಂತ ಒಂದು ಇಲ್ಲವೇ ಇಲ್ಲ, ನೆರಳೊಳಗೂ ಬೆಳಕಿನದೇ ಒಂದು ಲೋಕ ಇದೆ ಅನ್ನುವ ಅರ್ಥದ ಮಾತು ಅದರಲ್ಲಿದೆ.

ಇದು ಕವಿ ಮಾತಲ್ಲ, ನೋಡಿದವನ ಮಾತು. ಮಧ್ಯಾಹ್ನ ಸುಣ್ಣ ಬಳಿದ ಗೋಡೆಯ ಮೇಲೆ ಬಿದ್ದ ಮರದ ನೆರಳನ್ನು ಸುಮ್ನೆ ಐದು ನಿಮಿಷ ನೋಡಿ. ಅದು ಬೂದು ಅಲ್ಲ, ನೀಲಿ. ಶಾಲೆಯಲ್ಲಿ ನಮಗೆ ನೆರಳು ಅಂದರೆ ಪೆನ್ಸಿಲ್ ಅಡ್ಡ ಹಿಡಿದು ಉಜ್ಜುವುದು. ಅದಕ್ಕೂ ಒಂದು ಬಣ್ಣ ಇದೆ ಅಂತ ಒಪ್ಪಿಕೊಂಡ ಮರುಕ್ಷಣ ಮುಖದ ಕಥೆಯೂ ಬದಲಾಗುತ್ತದೆ. ಯಾಕೆಂದರೆ ಒಂದು ಮುಖಕ್ಕೆ ಆಕಾರ ಕೊಡುವುದೇ ನೆರಳು. ಮೂಗಿನ ಪಕ್ಕ, ಕಣ್ಣಿನ ಗುಳಿ, ಗದ್ದದ ಕೆಳಗೆ. ಅಲ್ಲಿ ಕಂದು ಹಚ್ಚುವ ಬದಲು ಹಸಿರು ಹಚ್ಚಿದರೆ?

ಆ ವರ್ಷದ ಶರತ್ಕಾಲದ ಸಲೋನ್ ಪ್ರದರ್ಶನ ಪ್ಯಾರಿಸ್ಸಿನ ಗ್ರಾಂ ಪಲೇಯಲ್ಲಿ ಅಕ್ಟೋಬರ್ 18ಕ್ಕೆ ತೆರೆಯಿತು. ಏಳನೇ ಕೋಣೆಯಲ್ಲಿ ಮಾತೀಸ್, ದೆರಾಂ, ವ್ಲಾಮಿಂಕ್ ಮುಂತಾದವರ ಚಿತ್ರಗಳು. ಅವುಗಳ ನಡುವೆ ಹಳೇ ಇಟಲಿಯ ಶೈಲಿಯ ಸೌಮ್ಯವಾದೊಂದು ಶಿಲ್ಪ. ಲೂಯಿ ವೋಸೆಲ್ ಎಂಬ ವಿಮರ್ಶಕ ಅದನ್ನು ಕಂಡು "ಕಾಡುಮೃಗಗಳ ನಡುವೆ ಡೊನಾಟೆಲ್ಲೊ" ಅಂತ ಬರೆದ. ಡೊನಾಟೆಲ್ಲೊ ಅಂದರೆ ಹಳೇ ಇಟಲಿಯ ಹೆಸರಾಂತ ಶಿಲ್ಪಿ. ಫ್ರೆಂಚಿನಲ್ಲಿ ಕಾಡುಮೃಗಕ್ಕೆ ಫೋವ್. ಆ ಹೆಸರೇ ಗುಂಪಿಗೆ ಅಂಟಿತು, ಇಂದಿಗೂ ಫೋವಿಸಂ ಅಂತಲೇ ಕರೆಯುತ್ತೇವೆ. ಅಮೆಲಿಯ ಟೋಪಿಯ ಚಿತ್ರದ ಮುಂದೆ ಜನ ನಿಂತು ನಕ್ಕರು. ಜನರ ಮುಖಕ್ಕೇ ಬಣ್ಣದ ಡಬ್ಬಿ ಎರಚಿದ್ದಾರೆ ಅಂತ ಬರೆದವರೂ ಉಂಟು.

ಇಲ್ಲಿ ನನಗೆ ಇಷ್ಟವಾದ ಒಂದು ವಿವರ ಇದೆ. ನವೆಂಬರ್ 4ರಂದು "ಲಿಲ್ಲುಸ್ತ್ರಾಸಿಯೋಂ" ಎಂಬ ಜನಪ್ರಿಯ ವಾರಪತ್ರಿಕೆ ಈ ಹಗರಣದ ಚಿತ್ರಗಳನ್ನು ಎರಡು ಪುಟ ತುಂಬಾ ಅಚ್ಚು ಹಾಕಿತು. ಟೋಪಿಯ ಹೆಂಗಸೂ ಅದರಲ್ಲಿದ್ದಳು. ಆದರೆ ಕಪ್ಪು ಬಿಳುಪಿನಲ್ಲಿ! ಬಣ್ಣದ ಗಲಾಟೆಯನ್ನು ಊರೂರಿನ ಓದುಗರು ಬಣ್ಣವೇ ಇಲ್ಲದೆ ನೋಡಿದರು.

ಕೊನೆಗೆ ಆ ಚಿತ್ರ ಕೊಂಡವರು ಪ್ಯಾರಿಸ್ಸಿನಲ್ಲಿದ್ದ ಅಮೆರಿಕದ ಸ್ಟೈನ್ ಮನೆತನದವರು. ಲಿಯೊ ಸ್ಟೈನ್ ಮೊದಲ ಸಲ ನೋಡಿದಾಗ, ಇಷ್ಟು ಅಸಹ್ಯವಾಗಿ ಬಣ್ಣ ಮೆತ್ತಿದ್ದನ್ನು ನಾನು ಕಂಡೇ ಇಲ್ಲ ಅಂದುಕೊಂಡನಂತೆ. ಆದರೂ ಮತ್ತೆ ಮತ್ತೆ ಹೋಗಿ ನೋಡಿದ. ತನಗೇ ಗೊತ್ತಿಲ್ಲದೆ ಕಾಯುತ್ತಿದ್ದದ್ದು ಇದಕ್ಕೇ ಅಂತಲೂ ಅನ್ನಿಸಿತಂತೆ. ಮಾತೀಸ್ ಕೇಳಿದ ಬೆಲೆ 500 ಫ್ರಾಂಕ್. ಅವರು ಕಡಿಮೆಗೆ ಕೇಳಿದರು. ಮಾತೀಸ್ ಕೊಟ್ಟುಬಿಡೋಣ ಅಂದ. ಅಮೆಲಿ ಬಿಡಲಿಲ್ಲ. ಕೊಳ್ಳಲು ಬಂದವರು ಪೂರ್ತಿ ಕೊಟ್ಟೇ ಕೊಳ್ಳುತ್ತಾರೆ, ಉಳಿದ ದುಡ್ಡಲ್ಲಿ ಮಾರ್ಗರೀತಳಿಗೆ ಚಳಿಗಾಲದ ಬಟ್ಟೆ ಆಗುತ್ತದೆ ಅಂದಳಂತೆ. 500 ಫ್ರಾಂಕೇ ಬಂತು. ಅಂಗಡಿ ನಡೆಸಿದ ಹೆಂಗಸು ನೋಡಿ! ಚಿತ್ರ ಈಗ ಸ್ಯಾನ್ ಫ್ರಾನ್ಸಿಸ್ಕೊದ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ.

ತನ್ನ ಮುಖಕ್ಕೆ ಊರೆಲ್ಲ ನಗುವಾಗ ಅವಳಿಗೆ ಹೇಗನ್ನಿಸಿರಬಹುದು? ನಾನು ಊಹಿಸುವುದು ಇಷ್ಟು. ಅವಳಿಗೆ ಜನರ ನಗು ಹೊಸದಲ್ಲ. ಅವಳ ಅಪ್ಪ ಅಮ್ಮ ಬಹುಕಾಲ ದುಡಿದದ್ದು ತೆರೇಸ್ ಉಂಬೆರ್ ಎಂಬ ದೊಡ್ಡ ಮನುಷ್ಯಳ ಬಳಿ. ಇಲ್ಲದ ಆಸ್ತಿಯ ಮೇಲೆ ಕೋಟಿಗಟ್ಟಲೆ ಸಾಲ ಎತ್ತಿದವಳು ಆಕೆ. 1902ರಲ್ಲಿ ಬಣ್ಣ ಬಯಲಾಯಿತು. ಅಮೆಲಿಯ ಅಪ್ಪನನ್ನು ಬಂಧಿಸಿದರು, ಆಮೇಲೆ ತಪ್ಪಿಲ್ಲ ಅಂತ ಬಿಟ್ಟರು. ಆ ಗಲಾಟೆಯಲ್ಲಿ ಟೋಪಿ ಅಂಗಡಿಯೂ ಹೋಯಿತು. ಪತ್ರಿಕೆಗಳ ಬಾಯಿಗೆ ಬೀಳುವುದು ಅಂದರೇನು ಅಂತ ಗೊತ್ತಿದ್ದವಳು, ಮೂರು ವರ್ಷದ ಮೇಲೆ ಬಣ್ಣ ಬಣ್ಣದ ಮುಖ ಹೊತ್ತು ಗ್ರಾಂ ಪಲೇಯ ಗೋಡೆ ಮೇಲೆ ಕೂತಳು.

ಇನ್ನು ಆ ಹಸಿರಿನ ವಿಷಯಕ್ಕೆ ಬರುತ್ತೇನೆ. ಇದು ಮಾತೀಸನ ಹುಚ್ಚಾಟ ಅಂತ ಆಗ ತುಂಬಾ ಜನ ಅಂದುಕೊಂಡರು. ಆದರೆ ಯುರೋಪಿನ ಚಿತ್ರಗಳಲ್ಲಿ ಚರ್ಮದ ಕೆಳಗೆ ಹಸಿರು ಮೊದಲಿನಿಂದಲೂ ಇತ್ತು! 1400ರ ಸುಮಾರಿಗೆ ಇಟಲಿಯ ಚೆನ್ನಿನೊ ಚೆನ್ನಿನಿ ಚಿತ್ರಕಾರರಿಗೆ ಒಂದು ಕೈಪಿಡಿ ಬರೆದ. ಮುಖ ಬಿಡಿಸುವ ಮುಂಚೆ ಹಸಿರು ಮಣ್ಣಿನ ಬಣ್ಣವನ್ನು ಬಿಳಿ ಸೇರಿಸಿ ಎರಡು ಸಲ ಬಳಿಯಬೇಕು ಅಂತಾನೆ. ಅದು ಒಣಗಿದ ಮೇಲೆ ಗುಲಾಬಿ, ಅದರ ಮೇಲೆ ಬಿಳಿ. ನೆರಳಿರುವ ಕಡೆ ಕೆಳಗಿನ ಹಸಿರು ಚೂರು ಇಣುಕಬೇಕು. ಆಗ ಗುಲಾಬಿಗೆ ಜೀವ ಬರುತ್ತದೆ. ಸತ್ತವನ ಮುಖ ಬಿಡಿಸುವುದಾದರೆ ಗುಲಾಬಿ ಹಚ್ಚಲೇಬೇಡ, ಸತ್ತವನಿಗೆ ಬಣ್ಣ ಇರುವುದಿಲ್ಲ ಅಂತಲೂ ಹೇಳುತ್ತಾನೆ. ಆ ಸಾಲು ಓದಿ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟಿದ್ದೆ.

ಸಿಯೆನಾದ ಡುಚ್ಚೊ ಬಿಡಿಸಿದ ಮೇರಿಯಮ್ಮನ ಮುಖಗಳನ್ನು ಈಗ ನೋಡಿದರೆ ಹಸಿರು ಹಸಿರಾಗಿ ಕಾಣುತ್ತವೆ. ಏಳುನೂರು ವರ್ಷದಲ್ಲಿ ಮೇಲಿನ ಗುಲಾಬಿ ಸವೆದಿದೆ, ಕೆಳಗಿನದು ಮೇಲೆ ಬಂದಿದೆ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಮೈಕೆಲಾಂಜೆಲೊ ಅರ್ಧಕ್ಕೇ ಬಿಟ್ಟ ಒಂದು ಚಿತ್ರ ಇದೆ. ಅದರಲ್ಲಿ ಎಡಗಡೆಯ ದೇವದೂತರಿಗೆ ಇನ್ನೂ ಚರ್ಮ ಬಂದಿಲ್ಲ, ಬರೀ ಹಸಿರು ಮೈ. ಮಾತೀಸ್ ವರ್ಷಗಟ್ಟಲೆ ಲೂವ್ರ್ ಸಂಗ್ರಹಾಲಯದಲ್ಲಿ ಕೂತು ಹಳಬರ ಚಿತ್ರಗಳನ್ನು ನಕಲು ಮಾಡಿ ಹೊಟ್ಟೆ ಹೊರೆದವನು. ಈ ಹಸಿರೇ ಅವನ ತಲೆಯಲ್ಲಿತ್ತು ಅಂತ ನಾನು ಹೇಳಲಾರೆ. ಆದರೆ ಹಸಿರಿಲ್ಲದೆ ಗುಲಾಬಿ ಗುಲಾಬಿಯಾಗುವುದಿಲ್ಲ ಅನ್ನುವುದು ಆ ಕಸುಬಿನಲ್ಲಿ ಇದ್ದವರಿಗೆ ಗೊತ್ತಿದ್ದ ವಿಷಯ. ಹಳಬರು ಅದನ್ನು ಒಳಗೆ ಇಟ್ಟರು. ಇವನು ಮೂಗಿನ ಮೇಲೆ ಇಟ್ಟ.

ಹಸಿರಿಲ್ಲದೆ ಗುಲಾಬಿ ಇಲ್ಲ ಅಂದರೇನು ಅಂತ ತಿಳಿಯಬೇಕಾದರೆ ನಮ್ಮೂರಿನ ಯಾವುದಾದರೂ ಮ್ಯಾಚಿಂಗ್ ಸೆಂಟರಿಗೆ ಹೋಗಿ. ಸೀರೆಗೆ ರವಿಕೆ ಪೀಸ್ ಹುಡುಕಲು ಬಂದವರನ್ನು ನೋಡಿ. ಅಂಗಡಿಯವನು "ಇದೇ ಕಲರ್ ಮೇಡಂ" ಅಂತ ಆಣೆ ಇಡುತ್ತಾನೆ. ನೋಡುವವರೆಗೂ ಅದು ಸರಿಯಾಗೇ ಇರುತ್ತದೆ. ಸೀರೆಯ ಅಂಚಿನ ಪಕ್ಕ ಇಟ್ಟ ಕೂಡಲೇ ಬೇರೆ ಬಣ್ಣವಾಗುತ್ತದೆ. ಅಂಚು ಕೆಂಪಿದ್ದರೆ ಅದೇ ಬಟ್ಟೆಗೆ ಒಂದು ಹಸಿರು ಛಾಯೆ ಬರುತ್ತದೆ. ನಮ್ಮಮ್ಮ ಪೀಸನ್ನೂ ಸೀರೆಯನ್ನೂ ಹಿಡಿದುಕೊಂಡು ರಸ್ತೆಗೇ ಬಂದು ಬಿಸಿಲಲ್ಲಿ ನೋಡುವಳು. ನಾನು ನಾಚಿಕೆಯಿಂದ ಸೈಕಲ್ ಪಕ್ಕ ನಿಂತಿರುತ್ತಿದ್ದೆ.

ಅಮ್ಮನ ಈ ಕಷ್ಟಕ್ಕೆ ಕಾರಣ ಕೊಟ್ಟವನು ಶೆವ್ರಲ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ. ಪ್ಯಾರಿಸ್ಸಿನ ಗೋಬ್ಲಾಂ ಎಂಬ ಸರ್ಕಾರಿ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಕನಾಗಿದ್ದ. ಕಪ್ಪು ನೂಲು ಸರಿಯಾಗಿ ಕಪ್ಪಾಗಿಲ್ಲ ಅಂತ ದೂರು ಬಂತು. ಪರೀಕ್ಷೆ ಮಾಡಿದ. ನೂಲು ಚೆನ್ನಾಗಿಯೇ ಇತ್ತು. ತೊಂದರೆ ಇದ್ದದ್ದು ಪಕ್ಕದಲ್ಲಿ ನೇಯ್ದಿದ್ದ ನೀಲಿ, ನೇರಳೆ ನೂಲುಗಳಿಂದ. ಒಂದು ಬಣ್ಣ ತನ್ನ ಪಕ್ಕದ ಬಣ್ಣವನ್ನು ತನ್ನ ಎದುರು ಬಣ್ಣದ ಕಡೆಗೆ ತಳ್ಳುತ್ತದೆ ಅಂತ ಕಂಡುಕೊಂಡು 1839ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದ. ಕೆಂಪಿನ ಎದುರು ಹಸಿರು, ನೀಲಿಯ ಎದುರು ಕಿತ್ತಳೆ, ಹಳದಿಯ ಎದುರು ನೇರಳೆ. ಆತ ಬದುಕಿದ್ದು 102 ವರ್ಷ. ಆ ಶತಮಾನದ ಫ್ರೆಂಚ್ ಚಿತ್ರಕಾರರಲ್ಲಿ ಅವನ ಮಾತು ಕಿವಿಗೆ ಬೀಳದವರು ಕಡಿಮೆ.

ಈಗ ಮತ್ತೆ "ಹಸಿರು ಗೆರೆ" ನೋಡಿ. ಗುಲಾಬಿ ಕೆನ್ನೆಯ ಪಕ್ಕಕ್ಕೆ ಹಸಿರು ಹಿನ್ನೆಲೆ. ಹಳದಿ ಕೆನ್ನೆ ಇರುವ ಕಡೆ ನೇರಳೆ ಮತ್ತು ಕಿತ್ತಳೆ. ಕೆನ್ನೆ ಮತ್ತು ಗೋಡೆ ಒಂದನ್ನೊಂದು ಎಳೆದಾಡುತ್ತಿವೆ. ಎರಡೂ ಕಡೆಯ ಜಗಳದ ನಡುವೆ ಒಂದು ಬದು ಬೇಕಿತ್ತು. ಆ ಬದುವೇ ಹಸಿರು ಗೆರೆ. ಅದನ್ನು ಹೆಬ್ಬೆರಳಿನಿಂದ ಮುಚ್ಚಿ ನೋಡಿದೆ. ಮುಖ ಎರಡು ಹೋಳಾಗಿ ಬಿಚ್ಚಿಕೊಂಡು ಹಿನ್ನೆಲೆಗೆ ಅಂಟಿಕೊಳ್ಳುತ್ತದೆ. ಬೆರಳು ತೆಗೆದರೆ ಮೂಗು ಮುಂದೆ ಬರುತ್ತದೆ, ಮುಖ ಎದ್ದು ಕೂರುತ್ತದೆ. ಇನ್ನೊಂದು ಆಟವೂ ಆಡಿದೆ. ಫೋನಿನಲ್ಲಿ ಚಿತ್ರವನ್ನು ಕಪ್ಪು ಬಿಳುಪು ಮಾಡಿದೆ. ಗೆರೆ ಅಷ್ಟೇನೂ ಗದ್ದಲ ಮಾಡದೆ ಮೂಗಿನ ಮೇಲಿನ ತಿಳಿ ನೆರಳಾಗಿ ಸುಮ್ಮನೆ ಕೂತಿತು. ಎದುರಿಗೆ ಒಬ್ಬ ಗಂಭೀರ ಹೆಂಗಸು, ಅಷ್ಟೇ. ಅಂದರೆ ಯಾವ ಬಣ್ಣ ಅನ್ನುವುದರಲ್ಲಿ ಮಾತೀಸ್ ಸ್ವಾತಂತ್ರ್ಯ ತೆಗೆದುಕೊಂಡ. ಎಷ್ಟು ಗಾಢ ಅನ್ನುವುದರಲ್ಲಿ ಹಳೇ ಲೆಕ್ಕವನ್ನು ಪೂರ್ತಿ ಕೈಬಿಡಲಿಲ್ಲ.

ನನ್ನ ಮಟ್ಟಿಗೆ ಇದು ಟೋಪಿಯ ಚಿತ್ರಕ್ಕಿಂತ ದೊಡ್ಡ ಚಿತ್ರ. ಅದರಲ್ಲಿ ಬಣ್ಣಗಳು ಸಂತೆಗೆ ಬಂದ ಜನರ ಹಾಗೆ, ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ. ಇದರಲ್ಲಿ ಯಾರು ಎಲ್ಲಿ ಕೂರಬೇಕೋ ಅಲ್ಲಿ ಕೂತಿದ್ದಾರೆ.

ಹಾಗಾದರೆ ಈ ಬಣ್ಣಗಳು ಯಾವ ಭಾವವನ್ನು ಹೇಳುತ್ತವೆ? ಹಸಿರು ಅಂದರೆ ಹೊಟ್ಟೆಕಿಚ್ಚು, ಕಿತ್ತಳೆ ಅಂದರೆ ಸಿಟ್ಟು ಅಂತ ಪಟ್ಟಿ ಮಾಡಿ ವಿವರಿಸುವವರನ್ನು ಕಂಡರೆ ನನಗೆ ರೇಗುತ್ತದೆ. ನಮ್ಮ ಕ್ಯಾಲೆಂಡರಿನ ಕೃಷ್ಣ ನೀಲಿ. ಅದೊಂದು ಗುರುತು, ಎಲ್ಲರಿಗೂ ಮೊದಲೇ ಗೊತ್ತಿರುವ ಒಪ್ಪಂದ. ಅಮೆಲಿಯ ಹಸಿರಿಗೆ ಅಂಥ ಒಪ್ಪಂದ ಏನೂ ಇಲ್ಲ. 1908ರಲ್ಲಿ ಮಾತೀಸ್ ತನ್ನ ಕೆಲಸದ ಬಗ್ಗೆ ಒಂದು ಲೇಖನ ಬರೆದ. ತನಗೆ ಎಲ್ಲಕ್ಕಿಂತ ಮುಖ್ಯ ಭಾವವನ್ನು ಹೊರಗೆ ತರುವುದು, ಆದರೆ ಅದು ಮುಖದಲ್ಲಿ ಉಕ್ಕುವ ಆವೇಶದಲ್ಲಿ ಇಲ್ಲ, ಚಿತ್ರದ ಇಡೀ ಜೋಡಣೆಯಲ್ಲಿ ಇದೆ ಅಂದ. ಆಕೃತಿ ಎಲ್ಲಿ ಕೂತಿದೆ, ಸುತ್ತ ಎಷ್ಟು ಖಾಲಿ ಇದೆ, ಎಲ್ಲವೂ ಅದರ ಪಾಲು. ಅಜ್ಜಿಯ "ಒಪ್ಪುತ್ತೆ" ಅನ್ನುವ ಮಾತಿಗೆ ಇದಕ್ಕಿಂತ ಒಳ್ಳೆಯ ಟಿಪ್ಪಣಿ ನನಗೆ ಸಿಕ್ಕಿಲ್ಲ. ಮೂವತ್ತು ವರ್ಷದ ಮೇಲೆ ಇನ್ನೊಂದು ಕಡೆ ತಮಾಷೆಯಾಗಿಯೂ ಹೇಳಿದ. ನಾನು ಬಿಡಿಸುವಂಥ ಹೆಂಗಸರು ದಾರಿಯಲ್ಲಿ ಎದುರಾದರೆ ಹೆದರಿ ಓಡಿಹೋಗುತ್ತೇನೆ, ನಾನು ಹೆಂಗಸನ್ನು ಸೃಷ್ಟಿಸುತ್ತಿಲ್ಲ, ಚಿತ್ರ ಮಾಡುತ್ತಿದ್ದೇನೆ ಅಂತ.

ವ್ಯಾನ್ ಗೋ ಹೀಗಲ್ಲ. ಮಾತೀಸನಿಗಿಂತ 17 ವರ್ಷ ಮೊದಲೇ ಅವನು ಮುಖದ ಬಣ್ಣವನ್ನು ಬಿಚ್ಚಿ ಹಾಕಿದ್ದ. ಆದರೆ ಅವನದು ಬೇರೆ ದಾರಿ. 1888ರಲ್ಲಿ ಆರ್ಲ್ ಊರಿನಿಂದ ತಮ್ಮ ತಿಯೊಗೆ ಬರೆದ ಒಂದು ಕಾಗದದಲ್ಲಿ ತಾನು ಬಿಡಿಸಬೇಕೆಂದಿರುವ ಗೆಳೆಯನೊಬ್ಬನ ಚಿತ್ರದ ಬಗ್ಗೆ ಹೇಳುತ್ತಾನೆ. ಮೊದಲು ಇದ್ದದ್ದು ಇದ್ದಂತೆ ಬಿಡಿಸುತ್ತೇನೆ, ಆಮೇಲೆ ಮನಸ್ಸಿಗೆ ಬಂದಂತೆ ಬಣ್ಣ ಹಾಕುತ್ತೇನೆ. ಹೊಂಬಣ್ಣದ ಕೂದಲನ್ನು ಕಿತ್ತಳೆಯವರೆಗೆ, ನಿಂಬೆ ಹಳದಿಯವರೆಗೆ ಎಳೆಯುತ್ತೇನೆ. ತಲೆಯ ಹಿಂದೆ ಬಡ ಕೋಣೆಯ ಗೋಡೆ ಬೇಡ, ಕೊನೆಯಿಲ್ಲದ ಆಕಾಶ ಇರಲಿ, ನನ್ನ ಕೈಲಾದಷ್ಟು ಗಾಢವಾದ ನೀಲಿ ಹಚ್ಚುತ್ತೇನೆ. ಸ್ವಲ್ಪ ದಿನದಲ್ಲಿ ಬೆಲ್ಜಿಯಂನ ಯೂಜೀನ್ ಬೋಕ್ ಎಂಬ ಗೆಳೆಯ ಕೂತ, ಚಿತ್ರ ಆಯಿತು. ಹಿಂದೆ ನಕ್ಷತ್ರಗಳೂ ಇವೆ. ವ್ಯಾನ್ ಗೋಗೆ ಎದುರಿನವನ ಮೇಲೆ ಅಕ್ಕರೆ ಉಕ್ಕಿದಾಗ ಬಣ್ಣ ಉಕ್ಕುತ್ತದೆ. ಮಾತೀಸ್ ಅಕ್ಕರೆಯನ್ನೂ ತಕ್ಕಡಿಗೆ ಹಾಕಿ ತೂಗುತ್ತಾನೆ. 1901ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ವ್ಯಾನ್ ಗೋ ಪ್ರದರ್ಶನದಲ್ಲೇ ದೆರಾಂ ತನ್ನ ಗೆಳೆಯ ವ್ಲಾಮಿಂಕ್‌ನನ್ನು ಮಾತೀಸನಿಗೆ ಪರಿಚಯ ಮಾಡಿಸಿದ್ದು.

ಇವರ ಕೈಗೆ ಬಣ್ಣವೂ ಹೊಸದಾಗಿ ಬಂದಿತ್ತು ಅನ್ನುವುದನ್ನು ಮರೆಯಬಾರದು. ತವರದ ಟ್ಯೂಬಿನಲ್ಲಿ ಬಣ್ಣ ತುಂಬುವ ಉಪಾಯಕ್ಕೆ 1841ರಲ್ಲಿ ಜಾನ್ ರ್‍ಯಾಂಡ್ ಎಂಬ ಅಮೆರಿಕನ್ ಚಿತ್ರಕಾರ ಪೇಟೆಂಟ್ ಪಡೆದ. ಕೋಬಾಲ್ಟ್ ನೀಲಿ, ಕ್ಯಾಡ್ಮಿಯಂ ಹಳದಿ, ವಿರಿಡಿಯನ್ ಹಸಿರು ಎಲ್ಲ 19ನೇ ಶತಮಾನದ ರಸಾಯನಶಾಲೆಗಳ ಕೂಸುಗಳು. ಡುಚ್ಚೊನ ಕಾಲದ ಹಸಿರು ಮಣ್ಣು ಮಂಕು, ಗುಲಾಬಿಯ ಕೆಳಗೆ ಇರಲಿಕ್ಕೇ ಲಾಯಕ್ಕು. ಟ್ಯೂಬಿನಿಂದ ಹಿಂಡಿದ ಹಸಿರು ಮುಚ್ಚಿದರೂ ಮುಚ್ಚಿಕೊಳ್ಳುವ ಜಾತಿಯದಲ್ಲ.

ಜರ್ಮನಿಯಲ್ಲೂ ಆಗ ಕಿರ್ಶ್‌ನರ್, ಯಾವ್ಲೆನ್ಸ್ಕಿ ಮುಂತಾದವರು ಹಸಿರು, ಹಳದಿ ಮುಖಗಳನ್ನು ಬಿಡಿಸುತ್ತಿದ್ದರು. ಅವರಲ್ಲಿ ಕಳವಳ ಜಾಸ್ತಿ, ಅಂಚು ಹರಿತ. 1909ರಲ್ಲಿ ಯಾವ್ಲೆನ್ಸ್ಕಿ ಬಿಡಿಸಿದ ನರ್ತಕ ಸಖಾರೋವ್‌ನ ಚಿತ್ರವೊಂದು ಮ್ಯೂನಿಕ್ಕಿನಲ್ಲಿದೆ. ಕೆಂಪು ಉಡುಪು, ಸುಣ್ಣದಂಥ ಮುಖ, ಕಳ್ಳನಗೆ. ಇವನು ಮತ್ತೆ ಅದರ ಮೇಲೆ ಕೈಯಾಡಿಸಿ ಕೆಡಿಸುತ್ತಾನೆ ಅಂತ ಹೆದರಿ ಸಖಾರೋವ್ ಬಣ್ಣ ಹಸಿ ಇರುವಾಗಲೇ ಎತ್ತಿಕೊಂಡು ಹೋದನಂತೆ. ಬುದ್ಧಿವಂತ.

ಅಮೆಲಿಗೆ ಆ ಅದೃಷ್ಟ ಇರಲಿಲ್ಲ. 1913ರಲ್ಲಿ ಮಾತೀಸ್ ಮತ್ತೆ ಅವಳನ್ನು ಬಿಡಿಸಲು ಕೂತ. ಈಗ ಅವರು ಪ್ಯಾರಿಸ್ಸಿನ ಹೊರಗಿನ ಇಸ್ಸಿ ಎಂಬಲ್ಲಿ ತೋಟದ ಮನೆಯಲ್ಲಿದ್ದರು. ದುಡ್ಡಿತ್ತು, ಹೆಸರಿತ್ತು. ಚಿತ್ರಗಳು ಮಾಸ್ಕೋದ ಷುಕಿನ್ ಎಂಬ ಸಾಹುಕಾರನ ಮನೆಗೆ ಹೋಗುತ್ತಿದ್ದವು. ಈ ಚಿತ್ರಕ್ಕೆ ಅವಳು ನೂರಕ್ಕೂ ಹೆಚ್ಚು ಸಲ ಕೂತಳು. ಹಚ್ಚುವುದು, ಕೆರೆಯುವುದು, ಮತ್ತೆ ಹಚ್ಚುವುದು. ಶುರುವಿನಲ್ಲಿ ಮುಖದಲ್ಲಿ ಜೀವ ಇತ್ತಂತೆ. ದಿನ ಕಳೆದ ಹಾಗೆ ಒಂದೊಂದೇ ಬಣ್ಣ ಇಳಿಯುತ್ತಾ ಬಂತು. ಕೊನೆಗೆ ಉಳಿದದ್ದು ಬೂದು ಮುಖವಾಡ. ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಗುಳಿ.

ಅದನ್ನು ನೋಡಿ ಅಮೆಲಿ ಅತ್ತಳು ಅಂತ ಹೇಳುತ್ತಾರೆ. ಇಡೀ ಪ್ಯಾರಿಸ್ ನಕ್ಕಾಗ ಅಳದವಳು. ಹಸಿರು ಮೂಗಿಗೆ, ನೇರಳೆ ಕೆನ್ನೆಗೆ ಪೂರ್ತಿ 500 ಫ್ರಾಂಕ್ ಹಿಡಿದು ಕೂತವಳು.

ಷುಕಿನ್ ಆ ಚಿತ್ರವನ್ನೂ ಕೊಂಡ. ಈಗ ಅದು ಸೇಂಟ್ ಪೀಟರ್ಸ್‌ಬರ್ಗಿನ ಕಲಾ ಸಂಗ್ರಹಾಲಯ ಹರ್ಮಿಟೇಜ್‌ನಲ್ಲಿದೆ. ಸುತ್ತಲೂ ತುಂಬು ನೀಲಿ, ಹೆಗಲಿಂದ ಇಳಿಬಿಟ್ಟ ಕಿತ್ತಳೆ ಶಾಲು. ಗಂಡ ಬಿಡಿಸಿದ ಅವಳ ಕೊನೆಯ ಭಾವಚಿತ್ರ ಅದು. ತಲೆ ಮೇಲೆ ಚಿಕ್ಕದೊಂದು ಟೋಪಿ ಇದೆ. ಟೋಪಿಗೆ ಒಂದು ಗರಿ, ಒಂದು ಹೂವು.